ಹಸಿರು ಸಾಲದ ಲೆಕ್ಕ ಬಾವಿಯ ನೀರಿಗೆ ತಾಳೆಯಾಗುತ್ತಿದೆಯೇ?

ವಿಜಯಪುರ ನಗರದಿಂದ ಅಥಣಿಯ ಕಡೆಗೆ ಹೋಗುವ ರಸ್ತೆಯಲ್ಲಿ ನೀವು ಎಂದಾದರೂ ಪ್ರಯಾಣ ಮಾಡಿದ್ದೀರಾ? ನಗರ ದಾಟಿದ ಸ್ವಲ್ಪ ಹೊತ್ತಿಗೆ ತೊರವಿ ಬರುತ್ತದೆ. ಆದಿಲ್ ಶಾಹಿ ಕಾಲದಲ್ಲಿ ಈ ತೊರವಿಯ ಕಡೆಯಿಂದ ನಗರಕ್ಕೆ ನೀರು ತರಲು ನೆಲದಡಿಯಲ್ಲಿ ಸುರಂಗ ಕೊರೆದು, ನಡುನಡುವೆ ಬಾವಿಗಳನ್ನು ತೋಡಿದ್ದರು. ಇನ್ನೂ ಮುಂದೆ ಹೋದರೆ ತಿಕೋಟಾ. ರಸ್ತೆಯ ಎರಡೂ ಬದಿಗೆ ದ್ರಾಕ್ಷಿ ಪಡಗಳು, ಒಣದ್ರಾಕ್ಷಿ ಮಾಡುವ ಶೆಡ್ಡುಗಳು, ಸಾಲು ಸಾಲಾಗಿ ಕಪ್ಪು ಹನಿ ನೀರಾವರಿ ಕೊಳವೆಗಳು ಕಾಣುತ್ತವೆ.

ಸುರಂಗ ಬಾವಿಗೂ ಇಂದಿನ ಕೊಳವೆ ಬಾವಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಸುರಂಗದಲ್ಲಿ ನೀರು ಗುರುತ್ವದಿಂದ ತಾನೇ ಹರಿಯುತ್ತದೆ. ಅಂತರ್ಜಲ ಮಟ್ಟ ಸುರಂಗಕ್ಕಿಂತ ಕೆಳಗೆ ಇಳಿದರೆ ಹರಿವು ನಿಲ್ಲುತ್ತದೆ. ಎಷ್ಟು ತೆಗೆಯಬಹುದು ಎಂಬ ಮಿತಿ ಆ ರಚನೆಯಲ್ಲಿಯೇ ಅಡಗಿದೆ. ಕೊಳವೆ ಬಾವಿಗೆ ಅಂಥ ಮಿತಿ ಇಲ್ಲ. ನೀರು ಕೆಳಗೆ ಹೋದರೆ ಪಂಪನ್ನೂ ಕೆಳಗೆ ಇಳಿಸಬಹುದು. ಹಣವಿದ್ದರೆ ಇನ್ನೊಂದು ಬಾವಿ ಕೊರೆಸಬಹುದು. ಹಣವಿಲ್ಲದಿದ್ದರೆ ಸಾಲ ತರಬಹುದು.

ಈ ಲೇಖನ ಆ ಸಾಲದ ಬಗೆಗೆ. ಇತ್ತೀಚಿನ ವರ್ಷಗಳಲ್ಲಿ ಬ್ಯಾಂಕುಗಳು 'ಹಸಿರು' ಎಂಬ ವಿಶೇಷಣ ಹಚ್ಚಿ ಹಣ ಸಂಗ್ರಹಿಸುತ್ತಿವೆ, ಸಾಲ ಕೊಡುತ್ತಿವೆ. ಪರಿಸರಕ್ಕೆ ಒಳಿತಾಗುವ ಕೆಲಸಕ್ಕೆ ಹಣ ಹೋಗಬೇಕೆಂಬ ಆಶಯ ಒಳ್ಳೆಯದೇ. ಆದರೆ ಒಳಿತಾಯಿತೇ ಎಂದು ಅಳೆಯುವವರು ಯಾರು, ಯಾವ ಅಳತೆಗೋಲಿನಿಂದ? ವಿಜ್ಞಾನದ ವಿದ್ಯಾರ್ಥಿಗಳಾದ ನೀವು ಈ ಪ್ರಶ್ನೆಯನ್ನು ಕೇಳಲೇಬೇಕು. ಉತ್ತರವನ್ನು ತಿಕೋಟಾ ಮತ್ತು ಬಬಲೇಶ್ವರದ ನೆಲದ ಮೇಲೆ ಪರೀಕ್ಷಿಸಿ ನೋಡೋಣ.

ಏನಿದು ಹಸಿರು ಹಣ?

ಯುರೋಪಿನ ಹೂಡಿಕೆ ಬ್ಯಾಂಕು 2007ರಲ್ಲಿ ಹವಾಮಾನ ಜಾಗೃತಿಯ ಹೆಸರಿನಲ್ಲಿ ಒಂದು ಸಾಲಪತ್ರ ಹೊರಡಿಸಿತು. ಮರುವರ್ಷ ವಿಶ್ವಬ್ಯಾಂಕು 'ಹಸಿರು ಬಾಂಡ್' ಹೊರತಂದಿತು. ಇವುಗಳ ತತ್ತ್ವ ಸರಳ. ಸಂಗ್ರಹವಾದ ಹಣವನ್ನು ಸೌರಶಕ್ತಿ, ನೀರಿನ ಮಿತವ್ಯಯ, ಅರಣ್ಯ ಮುಂತಾದ ಗೊತ್ತುಪಡಿಸಿದ ಕೆಲಸಗಳಿಗೆ ಮಾತ್ರ ಬಳಸುತ್ತೇವೆ ಎಂದು ಸಾಲ ಪಡೆದವರು ಮಾತು ಕೊಡುತ್ತಾರೆ. ಭಾರತದಲ್ಲಿ ಖಾಸಗಿ ಬ್ಯಾಂಕೊಂದು 2015ರಲ್ಲಿ ಇಂಥ ಬಾಂಡ್ ಹೊರಡಿಸಿತು. ಕೇಂದ್ರ ಸರ್ಕಾರವೇ 2023ರ ಜನವರಿ ಮತ್ತು ಫೆಬ್ರವರಿಯಲ್ಲಿ ಎರಡು ಕಂತುಗಳಲ್ಲಿ ಒಟ್ಟು 16,000 ಕೋಟಿ ರೂಪಾಯಿಗಳ ಹಸಿರು ಬಾಂಡ್‌ಗಳನ್ನು ಮಾರಿತು.

ಸಾಮಾನ್ಯ ಠೇವಣಿದಾರರಿಗೆ ಹತ್ತಿರವಾದ ಹೆಜ್ಜೆಯನ್ನು ರಿಸರ್ವ್ ಬ್ಯಾಂಕು 2023ರ ಏಪ್ರಿಲ್ 11ರಂದು ಇಟ್ಟಿತು. ಅಂದು ಪ್ರಕಟವಾದ 'ಹಸಿರು ಠೇವಣಿ'ಗಳ ಚೌಕಟ್ಟು ಅದೇ ವರ್ಷದ ಜೂನ್ 1ರಿಂದ ಜಾರಿಗೆ ಬಂದಿತು. ನೀವು ಬ್ಯಾಂಕಿನಲ್ಲಿ ಹಸಿರು ಠೇವಣಿ ಇಟ್ಟರೆ ಆ ಹಣ ಒಂಬತ್ತು ಬಗೆಯ ಕೆಲಸಗಳಿಗೆ ಹೋಗಬೇಕು. ನವೀಕರಿಸಬಹುದಾದ ಶಕ್ತಿ, ಶಕ್ತಿಯ ಮಿತವ್ಯಯ, ಶುದ್ಧ ಸಾರಿಗೆ, ಹವಾಮಾನ ಬದಲಾವಣೆಗೆ ಹೊಂದಾಣಿಕೆ, ನೀರು ಹಾಗೂ ತ್ಯಾಜ್ಯಗಳ ಸುಸ್ಥಿರ ನಿರ್ವಹಣೆ, ಮಾಲಿನ್ಯ ನಿಯಂತ್ರಣ, ಹಸಿರು ಕಟ್ಟಡ, ಸಜೀವ ಸಂಪನ್ಮೂಲ ಮತ್ತು ಭೂಬಳಕೆಯ ನಿರ್ವಹಣೆ, ಜೀವವೈವಿಧ್ಯ ರಕ್ಷಣೆ - ಇವೇ ಆ ಒಂಬತ್ತು. ನೀರನ್ನು ಮಿತವಾಗಿ ಬಳಸುವ ನೀರಾವರಿ ಪದ್ಧತಿಗೆ ಉತ್ತೇಜನ ನೀಡುವುದು ಈ ಪಟ್ಟಿಯೊಳಗೆ ಬರುತ್ತದೆ. ಎಂದರೆ ತಿಕೋಟಾದ ದ್ರಾಕ್ಷಿ ಪಡಕ್ಕೆ ಹನಿ ನೀರಾವರಿ ಹಾಕಿಸಲು ಕೊಟ್ಟ ಸಾಲ ಹಸಿರು ಸಾಲ ಆಗಬಲ್ಲದು.

ಚೌಕಟ್ಟಿನ ಒಳ್ಳೆಯ ಅಂಶಗಳು

ಟೀಕಿಸುವ ಮುನ್ನ ಈ ಚೌಕಟ್ಟಿನ ಗುಣಗಳನ್ನು ಹೇಳಬೇಕು. ಯಾವುದು ಹಸಿರು ಅಲ್ಲ ಎಂಬುದನ್ನು ಇದು ಸ್ಪಷ್ಟವಾಗಿ ಬರೆದಿದೆ. ಕಲ್ಲಿದ್ದಲು, ತೈಲ ಮೊದಲಾದ ಪಳೆಯುಳಿಕೆ ಇಂಧನಗಳ ಹೊರತೆಗೆಯುವಿಕೆ, ಉತ್ಪಾದನೆ ಮತ್ತು ವಿತರಣೆ ಹೊರಗೆ. ಪರಮಾಣು ವಿದ್ಯುತ್ತು, ಮದ್ಯ, ತಂಬಾಕು, ಶಸ್ತ್ರಾಸ್ತ್ರ ಹೊರಗೆ. 25 ಮೆಗಾವಾಟ್‌ಗಿಂತ ದೊಡ್ಡ ಜಲವಿದ್ಯುತ್ ಘಟಕಗಳೂ ಹೊರಗೆ. ನಿಮ್ಮ ಜಿಲ್ಲೆಯ ಉದಾಹರಣೆ ಬೇಕೆಂದರೆ, 2,400 ಮೆಗಾವಾಟ್ ಸಾಮರ್ಥ್ಯದ ಕೂಡಗಿ ಉಷ್ಣ ವಿದ್ಯುತ್ ಸ್ಥಾವರದಂಥದ್ದಕ್ಕೆ ಹಸಿರು ಠೇವಣಿಯ ಹಣ ಸಲ್ಲುವುದಿಲ್ಲ. 290 ಮೆಗಾವಾಟ್ ಸಾಮರ್ಥ್ಯದ ಆಲಮಟ್ಟಿ ಜಲವಿದ್ಯುತ್ ಕೇಂದ್ರದಷ್ಟು ದೊಡ್ಡ ಘಟಕಕ್ಕೂ ಸಲ್ಲುವುದಿಲ್ಲ.

ಎರಡನೆಯ ಗುಣವೆಂದರೆ ತಪಾಸಣೆ. ಹಣ ಹೇಳಿದ ಕೆಲಸಕ್ಕೇ ಹೋಯಿತೇ ಎಂದು ಪ್ರತಿವರ್ಷ ಹೊರಗಿನ ಸಂಸ್ಥೆಯೊಂದು ಪರಿಶೀಲಿಸಬೇಕು. ಇದರ ಜೊತೆಗೆ ಆ ಹಣದಿಂದಾದ ಪರಿಣಾಮವನ್ನೂ ಬ್ಯಾಂಕು ಅಂದಾಜು ಮಾಡಬೇಕು. 2023-24ರಲ್ಲಿ ಇದು ಐಚ್ಛಿಕವಾಗಿತ್ತು, 2024-25ರಿಂದ ಕಡ್ಡಾಯವಾಯಿತು. ಅಂದಾಜು ಮಾಡಲಾಗದಿದ್ದರೆ ಏಕೆ ಆಗಲಿಲ್ಲ, ಮುಂದೆ ಯಾವಾಗ ಮಾಡುತ್ತೇವೆ ಎಂಬುದನ್ನಾದರೂ ತಿಳಿಸಬೇಕು. ಹೆಸರಿಗೆ ಮಾತ್ರ ಹಸಿರಾದ ಹಣವನ್ನು ಬಯಲಿಗೆ ತರಲು ಇಷ್ಟಾದರೂ ಬೇಕಿತ್ತು.

ಹಾಗಾದರೆ ಕೊರತೆ ಎಲ್ಲಿದೆ? ಮೂರು ಕಡೆ ಇದೆ.

ಮೊದಲ ಕೊರತೆ: ರೈತ ಹೋಗುವ ಬ್ಯಾಂಕು ಹೊರಗೆ

ಈ ಚೌಕಟ್ಟು ಅನ್ವಯವಾಗುವುದು ಅನುಸೂಚಿತ ವಾಣಿಜ್ಯ ಬ್ಯಾಂಕುಗಳಿಗೆ, ಸಣ್ಣ ಹಣಕಾಸು ಬ್ಯಾಂಕುಗಳಿಗೆ ಮತ್ತು ಠೇವಣಿ ಸ್ವೀಕರಿಸುವ ಬ್ಯಾಂಕೇತರ ಸಂಸ್ಥೆಗಳಿಗೆ. ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳನ್ನು ಅದು ಹೆಸರಿಸಿಯೇ ಹೊರಗಿಟ್ಟಿತು. ಸಹಕಾರಿ ಬ್ಯಾಂಕುಗಳೂ ಅದರಲ್ಲಿ ಸೇರಿಲ್ಲ.

ವಿಜಯಪುರ ಜಿಲ್ಲೆಯಲ್ಲಿ ಹಳ್ಳಿಯ ರೈತ ಸಾಲಕ್ಕೆ ಎಲ್ಲಿಗೆ ಹೋಗುತ್ತಾನೆ? ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಕ್ಕೆ, ಅದರ ಮೂಲಕ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿಗೆ, ಇಲ್ಲವೇ ಗ್ರಾಮೀಣ ಬ್ಯಾಂಕಿಗೆ. ಈ ಜಿಲ್ಲೆಗೆ ತನ್ನದೇ ಹೆಸರಿನ ಬಿಜಾಪುರ ಗ್ರಾಮೀಣ ಬ್ಯಾಂಕು ಇತ್ತು. ಅದು 2005ರಲ್ಲಿ ಇತರ ಬ್ಯಾಂಕುಗಳೊಂದಿಗೆ ಸೇರಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು ಆಯಿತು. 2025ರ ಮೇ 1ರಂದು ರಾಜ್ಯದ ಎರಡೂ ಗ್ರಾಮೀಣ ಬ್ಯಾಂಕುಗಳು ಒಂದಾಗಿ ಬಳ್ಳಾರಿಯನ್ನು ಕೇಂದ್ರವಾಗಿಸಿಕೊಂಡ ಕರ್ನಾಟಕ ಗ್ರಾಮೀಣ ಬ್ಯಾಂಕು ಅಸ್ತಿತ್ವಕ್ಕೆ ಬಂದಿತು. ಹೆಸರು ಎಷ್ಟು ಸಲ ಬದಲಾದರೂ, ಹೊಲ ಮತ್ತು ಬಾವಿಗೆ ಹತ್ತಿರವಿರುವ ಸಾಲ ಈ ಸಂಸ್ಥೆಗಳದು.

ಸಣ್ಣ ಸಂಸ್ಥೆಗಳ ಮೇಲೆ ಕಾಗದಪತ್ರದ ಹೊರೆ ಹಾಕಬಾರದು ಎಂಬ ಯೋಚನೆ ಇದರ ಹಿಂದೆ ಇರಬಹುದು. ಆದರೆ ಪರಿಣಾಮ ವಿಚಿತ್ರವಾಗಿದೆ. ಮಹಾನಗರದ ಹಸಿರು ಕಟ್ಟಡ ಲೆಕ್ಕಕ್ಕೆ ಸಿಗುತ್ತದೆ. ತಿಕೋಟಾದ ಕೊಳವೆ ಬಾವಿ ಸಿಗುವುದಿಲ್ಲ. ನೀರು ತೀರುತ್ತಿರುವ ಜಾಗಕ್ಕೆ ದೀಪ ಹಿಡಿಯದೆ, ಬೆಳಕಿರುವ ಕಡೆಯೇ ಹುಡುಕಿದಂತಾಯಿತು.

ಎರಡನೆಯ ಕೊರತೆ: ಸಾಲದ ಗಡಿ ಬೇರೆ, ನೀರಿನ ಗಡಿ ಬೇರೆ

ಇದು ಮುಖ್ಯವಾದ ಕೊರತೆ. ಬ್ಯಾಂಕು ಪರಿಣಾಮವನ್ನು ಅಳೆಯುವುದು ತಾನು ಹಣ ಕೊಟ್ಟ ಕೆಲಸದ ಮಟ್ಟದಲ್ಲಿ. ಆದರೆ ಅಂತರ್ಜಲಕ್ಕೆ ಸಾಲದ ಖಾತೆಯ ಸಂಖ್ಯೆ ಗೊತ್ತಿಲ್ಲ. ಒಬ್ಬ ರೈತನ ಪಡದ ಕೆಳಗಿನ ನೀರು ಪಕ್ಕದವನ ಬಾವಿಯ ನೀರೂ ಹೌದು. ಇದನ್ನು ಒಂದು ಸರಳ ಲೆಕ್ಕದಿಂದ ತಿಳಿಯೋಣ. ಇಲ್ಲಿನ ಅಂಕಿಗಳು ಉದಾಹರಣೆಗಾಗಿ ಹಿಡಿದವು. ಮಣ್ಣು, ತಳಿ, ಹವೆಗೆ ತಕ್ಕಂತೆ ಅವು ಬದಲಾಗುತ್ತವೆ, ತರ್ಕ ಬದಲಾಗುವುದಿಲ್ಲ.

ಒಂದು ಎಕರೆ ತೋಟಕ್ಕೆ ಹಾಯಿ ನೀರಾವರಿಯಲ್ಲಿ ವರ್ಷಕ್ಕೆ 800 ಮಿ.ಮೀ. ನೀರು ಕೊಡುತ್ತಾರೆ ಎಂದುಕೊಳ್ಳಿ. ಇದರಲ್ಲಿ 500 ಮಿ.ಮೀ. ಬಳ್ಳಿಯ ಬೇರಿನಿಂದ ಮೇಲೇರಿ ಎಲೆಗಳಿಂದ ಆವಿಯಾಗುತ್ತದೆ. ಇದೇ ಬಾಷ್ಪವಿಸರ್ಜನೆ. 100 ಮಿ.ಮೀ. ಒದ್ದೆ ಮಣ್ಣಿನ ಮೇಲಿಂದ ನೇರವಾಗಿ ಆವಿಯಾಗುತ್ತದೆ. ಉಳಿದ 200 ಮಿ.ಮೀ. ಕೆಳಗೆ ಇಳಿದು ಮತ್ತೆ ಅಂತರ್ಜಲ ಸೇರುತ್ತದೆ. ಎಂದರೆ ಪಂಪು ಎತ್ತಿದ್ದು 800. ಆದರೆ ನೆಲ ನಿಜವಾಗಿ ಕಳೆದುಕೊಂಡಿದ್ದು 600.

ಈಗ ರೈತ ಸಾಲ ಪಡೆದು ಹನಿ ನೀರಾವರಿ ಹಾಕಿಸಿದ. ಬಳ್ಳಿಗೆ ಬೇಕಾದದ್ದು ಅದೇ 500. ಮಣ್ಣಿನಿಂದ ಆವಿಯಾಗುವುದು 20ಕ್ಕೆ ಇಳಿಯಿತು. ಕೆಳಗೆ ಇಳಿಯುವುದು ಹೆಚ್ಚುಕಡಿಮೆ ಇಲ್ಲ. ಪಂಪು ಎತ್ತುವುದು 520. ಬ್ಯಾಂಕಿನ ವರದಿಯಲ್ಲಿ "ಶೇ. 35 ನೀರು ಉಳಿತಾಯ" ಎಂದು ಬರೆಯಬಹುದು. ಆದರೆ ನೆಲದ ಲೆಕ್ಕದಲ್ಲಿ ನಷ್ಟ 600ರಿಂದ 520ಕ್ಕೆ ಇಳಿದಿದೆ, ಅಷ್ಟೆ. ನಿಜವಾದ ಉಳಿತಾಯ ಶೇ. 13ರಷ್ಟು.

ಕಥೆ ಇಲ್ಲಿಗೇ ನಿಲ್ಲುವುದಿಲ್ಲ. ನೀರು ಉಳಿಯಿತೆಂದು ರೈತ ಇನ್ನೂ ಅರ್ಧ ಎಕರೆಗೆ ಬಳ್ಳಿ ನೆಟ್ಟ ಎನ್ನಿ. ಈಗ ಒಂದೂವರೆ ಎಕರೆಗೆ ಪಂಪು ಎತ್ತುವುದು 520ರ ಒಂದೂವರೆ ಪಟ್ಟು, ಎಂದರೆ ಒಂದು ಎಕರೆಯ ಅಳತೆಯಲ್ಲಿ 780. ಮೊದಲಿನ 800ಕ್ಕಿಂತ ಇದು ಈಗಲೂ ಕಡಿಮೆಯೇ! ಮೀಟರು ಇದ್ದರೆ ಅದು ಉಳಿತಾಯವನ್ನೇ ತೋರಿಸುತ್ತದೆ. ಆದರೆ ಹನಿ ನೀರಾವರಿಯಲ್ಲಿ ಹಿಂದಿರುಗುವ ನೀರು ಇಲ್ಲವಾದ್ದರಿಂದ ನೆಲ ಕಳೆದುಕೊಂಡಿದ್ದು ಅಷ್ಟೂ 780. ಮೊದಲು 600 ಇತ್ತು. ಪಂಪಿನ ಲೆಕ್ಕದಲ್ಲಿ 20 ಉಳಿತಾಯ, ಬಾವಿಯ ಲೆಕ್ಕದಲ್ಲಿ 180 ಹೆಚ್ಚುವರಿ ನಷ್ಟ. ಎರಡೂ ನಿಜ. ಹಸಿರು ಪ್ರಮಾಣಪತ್ರದಲ್ಲಿ ಬರುವುದು ಮೊದಲನೆಯದು ಮಾತ್ರ.

ಇದು ಕೇವಲ ಕಾಗದದ ಮೇಲಿನ ಕಸರತ್ತಲ್ಲ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜೆವೊನ್ಸ್ 1865ರಲ್ಲಿಯೇ ಕಲ್ಲಿದ್ದಲಿನ ಬಗ್ಗೆ ಇಂಥದ್ದನ್ನು ಗುರುತಿಸಿದ್ದ. ಉಗಿಯಂತ್ರದ ದಕ್ಷತೆ ಹೆಚ್ಚಿದಂತೆ ಕಲ್ಲಿದ್ದಲಿನ ಒಟ್ಟು ಬಳಕೆ ಇಳಿಯುವ ಬದಲು ಏರುತ್ತದೆ ಎಂದು ಆತ ವಾದಿಸಿದ. ನೀರಿನ ವಿಷಯದಲ್ಲಿ ವಾರ್ಡ್ ಮತ್ತು ಪುಲಿಡೊ-ವೆಲಾಸ್ಕೆಸ್ ಎಂಬ ಸಂಶೋಧಕರು 2008ರಲ್ಲಿ ಉತ್ತರ ಅಮೆರಿಕದ ರಿಯೋ ಗ್ರಾಂಡೆ ನದಿಯ ಮೇಲ್ಭಾಗದ ಕಣಿವೆಯನ್ನು ಅಧ್ಯಯನ ಮಾಡಿ, ಹನಿ ನೀರಾವರಿಗೆ ಸಹಾಯಧನ ಕೊಟ್ಟರೆ ಕಣಿವೆಯ ಒಟ್ಟು ನೀರಿನ ನಷ್ಟ ಹೆಚ್ಚಬಹುದು ಎಂದು ತೋರಿಸಿದರು. 2018ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಗ್ರಾಫ್ಟನ್ ಮತ್ತು ಸಂಗಡಿಗರು ಇದನ್ನು 'ನೀರಾವರಿ ದಕ್ಷತೆಯ ವಿರೋಧಾಭಾಸ' ಎಂದು ಕರೆದರು.

ಹಾಗೆಂದು ಹನಿ ನೀರಾವರಿ ಕೆಟ್ಟದ್ದೇ? ಖಂಡಿತ ಅಲ್ಲ. ಅದರಿಂದ ವಿದ್ಯುತ್ತು ಉಳಿಯುತ್ತದೆ, ಗೊಬ್ಬರ ವ್ಯರ್ಥವಾಗುವುದಿಲ್ಲ, ಕಳೆ ಕಡಿಮೆ, ಇಳುವರಿ ಮತ್ತು ಗುಣಮಟ್ಟ ಹೆಚ್ಚು. ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರರು ಇದನ್ನು ಯಾರಿಂದಲೂ ಕಲಿಯಬೇಕಾಗಿಲ್ಲ. ಆಕ್ಷೇಪ ಇರುವುದು ಕೊಳವೆಯ ಬಗ್ಗೆ ಅಲ್ಲ, ಕೊಳವೆ ಹಾಕಿದ ಮಾತ್ರಕ್ಕೆ ನೀರು ಉಳಿಯಿತು ಎಂದು ಬರೆದುಕೊಳ್ಳುವ ಲೆಕ್ಕದ ಬಗ್ಗೆ.

ನೆಲಕ್ಕೆ ಎಷ್ಟು ಜಮೆ, ಎಷ್ಟು ಖರ್ಚು?

ಬ್ಯಾಂಕಿನ ಭಾಷೆಯಲ್ಲಿಯೇ ನೆಲದ ಪಾಸ್‌ಬುಕ್ಕನ್ನು ನೋಡೋಣ. ಈ ಭಾಗದಲ್ಲಿ ವಾರ್ಷಿಕ ಮಳೆ ಸುಮಾರು 600 ಮಿ.ಮೀ. ಕೆಳಗಿರುವುದು ದಖನ್ನಿನ ಬಸಾಲ್ಟ್ ಶಿಲೆ. ಈ ಕಪ್ಪು ಕಲ್ಲಿನಲ್ಲಿ ಮರಳುಗಲ್ಲಿನಂತೆ ಎಲ್ಲೆಡೆ ರಂಧ್ರಗಳಿಲ್ಲ. ಶಿಥಿಲಗೊಂಡ ಮೇಲುಪದರ, ಬಿರುಕುಗಳು, ಗುಳ್ಳೆಗಳಿರುವ ಪದರ, ಒಂದು ಲಾವಾ ಹರಿವಿಗೂ ಇನ್ನೊಂದಕ್ಕೂ ನಡುವಿನ ಸಂದು - ಇಷ್ಟರಲ್ಲಿ ಮಾತ್ರ ನೀರು ನಿಲ್ಲುತ್ತದೆ. ಮಳೆಯಲ್ಲಿ ಎಷ್ಟು ಪಾಲು ಅಂತರ್ಜಲ ಸೇರುತ್ತದೆ ಎಂಬುದಕ್ಕೆ ದೇಶದ ಅಂತರ್ಜಲ ಅಂದಾಜು ಸಮಿತಿ 1997ರಲ್ಲಿ ಕೊಟ್ಟ ಮಾನದಂಡ ಶಿಥಿಲ ಬಸಾಲ್ಟಿಗೆ ಶೇ. 7, ಗುಳ್ಳೆ ಮತ್ತು ಬಿರುಕುಗಳುಳ್ಳ ಬಸಾಲ್ಟಿಗೆ ಶೇ. 13.

ನಡುವಿನ ಶೇ. 10 ಎಂದು ಹಿಡಿಯೋಣ. 600 ಮಿ.ಮೀ. ಮಳೆಯಲ್ಲಿ 60 ಮಿ.ಮೀ. ನೆಲದ ಖಾತೆಗೆ ಜಮೆ. ಒಂದು ಎಕರೆ ಎಂದರೆ 4,047 ಚದರ ಮೀಟರ್. ಆದ್ದರಿಂದ ಎಕರೆಗೆ ಸುಮಾರು 2.4 ಲಕ್ಷ ಲೀಟರ್. ನಮ್ಮ ಉದಾಹರಣೆಯ ಹನಿ ನೀರಾವರಿ ತೋಟ ಎಕರೆಗೆ 520 ಮಿ.ಮೀ. ಎತ್ತುತ್ತದೆ, ಅದು ಸುಮಾರು 21 ಲಕ್ಷ ಲೀಟರ್. 21ನ್ನು 2.4ರಿಂದ ಭಾಗಿಸಿ. ಒಂದು ಎಕರೆ ಪಡಕ್ಕೆ ಸುಮಾರು 9 ಎಕರೆ ನೆಲದ ಮಳೆ ಮರುಪೂರಣ ಬೇಕು. ಊರಿನ ಒಟ್ಟು ನೆಲದಲ್ಲಿ ಒಂಬತ್ತನೆಯ ಒಂದು ಪಾಲಿಗಿಂತ ಹೆಚ್ಚು ಪಡವಾದರೆ, ಹೊರಗಿನಿಂದ ನೀರು ಬಾರದಿದ್ದರೆ, ಖರ್ಚು ಜಮೆಯನ್ನು ಮೀರುತ್ತದೆ. ಕುಡಿಯುವ ನೀರು, ದನಕರು, ಬೇರೆ ಬೆಳೆಗಳನ್ನು ನಾವಿನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ಇಲ್ಲ.

ಕಾಲವೂ ಇಲ್ಲಿ ಅನುಕೂಲವಾಗಿಲ್ಲ. ದ್ರಾಕ್ಷಿಗೆ ವರ್ಷಕ್ಕೆ ಎರಡು ಚಾಟ್ನಿ, ಎಂದರೆ ಸವರುವಿಕೆ. ಏಪ್ರಿಲ್ ಚಾಟ್ನಿಯ ಅನಂತರ ಹೊಸ ಚಿಗುರು ಬಲಿಯುವುದು ಬೇಸಿಗೆಯ ಬಿರುಬಿಸಿಲಿನಲ್ಲಿ. ಬಾವಿಯಲ್ಲಿ ನೀರು ತಳ ಕಂಡಿರುವಾಗ ಬಳ್ಳಿಗೆ ದಾಹ ಹೆಚ್ಚು. ಮಳೆ ಕೈಕೊಟ್ಟ ವರ್ಷ ಪಡ ಉಳಿಸಿಕೊಳ್ಳಲು ಟ್ಯಾಂಕರ್ ನೀರು ಕೊಳ್ಳುವ ಪರಿಸ್ಥಿತಿ ಬರುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದದ್ದನ್ನು ನೆನಪಿಸಿಕೊಳ್ಳಿ.

ರೈತ ಅರ್ಧ ಎಕರೆ ಹೆಚ್ಚಿಸಿದ್ದು ಆಸೆಬುರುಕತನದಿಂದ ಎಂದು ಹೇಳುವುದು ಸುಲಭ. ಅದು ಅನ್ಯಾಯದ ಮಾತು. ಕಲ್ಲುಕಂಬ ಅಥವಾ ಕಬ್ಬಿಣದ ಆಂಗಲ್, ತಂತಿ, ಸಸಿ, ಕೊಳವೆ, ಪಂಪು - ಇವೆಲ್ಲದಕ್ಕೆ ತಂದ ಸಾಲದ ಕಂತು ಮಳೆಗಾಗಿ ಕಾಯುವುದಿಲ್ಲ. ಕಂತು ಕಟ್ಟಲು ಆದಾಯ ಬೇಕು, ಆದಾಯಕ್ಕೆ ಪಡ ಬೆಳೆಯಬೇಕು. ಕೃಷಿ ಪಂಪ್‌ಸೆಟ್ಟಿಗೆ 10 ಅಶ್ವಶಕ್ತಿಯವರೆಗೆ 2008ರಿಂದ ವಿದ್ಯುತ್ತು ಉಚಿತವಾದ್ದರಿಂದ ಇನ್ನೊಂದು ಗಂಟೆ ಪಂಪು ಓಡಿಸಲು ಹೆಚ್ಚಿನ ಖರ್ಚಿಲ್ಲ. ಹೀಗೆ ನೀರು ಉಳಿಸಲೆಂದು ಕೊಟ್ಟ ಸಾಲವೇ ನೀರು ಎತ್ತುವ ಒತ್ತಡವನ್ನು ಹುಟ್ಟಿಸಬಲ್ಲದು. ಬಾವಿ ಬತ್ತಿದ ದಿನ ಪಡ ಒಣಗುತ್ತದೆ, ರೈತನ ಮನೆಗೆ ಸಂಕಟ ಬರುತ್ತದೆ, ಬ್ಯಾಂಕಿನ ಸಾಲವೂ ಮುಳುಗುತ್ತದೆ. ಅಂತರ್ಜಲವನ್ನು ಅಳೆಯುವುದು ಬ್ಯಾಂಕಿನ ಪಾಲಿಗೆ ಪರೋಪಕಾರವಲ್ಲ, ತನ್ನ ಅಸಲಿನ ರಕ್ಷಣೆ.

ಮೂರನೆಯ ಕೊರತೆ: ಎತ್ತಿದ ನೀರಿನ ಶಕ್ತಿಯ ಲೆಕ್ಕ

ಹೊರಗಿನಿಂದ ನೀರು ತಂದರೆ ಸಮಸ್ಯೆ ಬಗೆಹರಿಯಿತಲ್ಲ ಎಂದು ನೀವು ಕೇಳಬಹುದು. ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆ ಇದಕ್ಕಾಗಿಯೇ ಬಂದಿತು. ಕೃಷ್ಣೆಯ ನೀರನ್ನು ಎತ್ತಿ ಬಬಲೇಶ್ವರ, ತಿಕೋಟಾ ಭಾಗದ ಎತ್ತರದ ನೆಲಕ್ಕೆ ತಲುಪಿಸುವುದು ಇದರ ಉದ್ದೇಶ. ಇಂಥ ಯೋಜನೆಗಳಿಂದ ಕೆರೆ ತುಂಬಿದಾಗ ಸುತ್ತಲಿನ ಬಾವಿಗಳಿಗೂ ಜೀವ ಬರುತ್ತದೆ. ಬಬಲೇಶ್ವರ ತಾಲ್ಲೂಕಿನ ಮಮದಾಪುರದಲ್ಲಿ ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲಿ, 1633ರಲ್ಲಿ ಕಟ್ಟಿದ ದೊಡ್ಡ ಕೆರೆ ಇದೆ. ಅಂಥ ಕೆರೆ ತುಂಬುವುದು ಎಷ್ಟು ಊರುಗಳಿಗೆ ಆಸರೆ ಎಂಬುದು ಬರದ ನಾಡಿನವರಿಗೆ ಹೇಳಬೇಕಾಗಿಲ್ಲ.

ಆದರೆ ನೀರು ತಾನಾಗಿ ಮೇಲೇರುವುದಿಲ್ಲ. ಭೌತವಿಜ್ಞಾನದ ತರಗತಿಯಲ್ಲಿ ಕಲಿತ ಸೂತ್ರವನ್ನು ಬಳಸಿ. ರಾಶಿಯನ್ನು ಗುರುತ್ವ ವೇಗೋತ್ಕರ್ಷದಿಂದಲೂ ಎತ್ತರದಿಂದಲೂ ಗುಣಿಸಿದರೆ ಸ್ಥಿತಿಜ ಶಕ್ತಿ. ಒಂದು ಟಿ.ಎಂ.ಸಿ. ಅಡಿ ನೀರು ಎಂದರೆ 2.83 ಕೋಟಿ ಘನ ಮೀಟರ್, ಅದರ ರಾಶಿ 2,830 ಕೋಟಿ ಕಿಲೋಗ್ರಾಂ. ಇದನ್ನು 100 ಮೀಟರ್ ಎತ್ತಲು ತಾತ್ವಿಕವಾಗಿ ಸುಮಾರು 77 ಲಕ್ಷ ಯೂನಿಟ್ ವಿದ್ಯುತ್ತು ಬೇಕು. ಪಂಪು, ಮೋಟರು, ಕೊಳವೆಗಳ ಒಟ್ಟು ದಕ್ಷತೆ ಶೇ. 70 ಎಂದರೆ 1.1 ಕೋಟಿ ಯೂನಿಟ್. ನಮ್ಮ ದೇಶದ ವಿದ್ಯುಜ್ಜಾಲದಲ್ಲಿ ಒಂದು ಯೂನಿಟ್ಟಿಗೆ ಸುಮಾರು 0.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗುತ್ತದೆ ಎಂದು ಹಿಡಿದರೆ, ಪ್ರತಿ ಟಿ.ಎಂ.ಸಿ.ಗೆ, ಪ್ರತಿ 100 ಮೀಟರಿಗೆ ಸುಮಾರು 7,700 ಟನ್. ಯಾವುದೇ ಏತ ನೀರಾವರಿ ಯೋಜನೆಯ ನೀರಿನ ಪ್ರಮಾಣ ಮತ್ತು ಎತ್ತರ ಗೊತ್ತಿದ್ದರೆ ಈ ಅಂಕಿಗಳಿಂದ ನೀವೇ ಗುಣಿಸಿ ನೋಡಬಹುದು.

ಈ ಲೆಕ್ಕದಿಂದ ಏತ ನೀರಾವರಿ ಬೇಡ ಎಂದು ತೀರ್ಮಾನಿಸಬಾರದು. ಕುಡಿಯಲು ನೀರಿಲ್ಲದ ಊರಿಗೆ ಇಂಗಾಲದ ಉಪದೇಶ ಸಲ್ಲದು. ಆದರೆ ಒಂದು ಕಡೆ ಕಲ್ಲಿದ್ದಲನ್ನು ಹಸಿರು ಪಟ್ಟಿಯಿಂದ ಹೊರಗಿಟ್ಟು, ಇನ್ನೊಂದು ಕಡೆ ಕಲ್ಲಿದ್ದಲಿನ ವಿದ್ಯುತ್ತಿನಿಂದ ಎತ್ತಿದ ನೀರು ಬಳಸುವ ತೋಟವನ್ನು ಮರುಪ್ರಶ್ನೆಯಿಲ್ಲದೆ ಒಳಗೆ ಬಿಟ್ಟುಕೊಂಡರೆ ಲೆಕ್ಕ ಅಪೂರ್ಣ. ಅಷ್ಟು ಶಕ್ತಿ ಖರ್ಚು ಮಾಡಿ ತಂದ ನೀರಿಗೆ ಅದಕ್ಕೆ ತಕ್ಕ ಬೆಲೆ, ಅದಕ್ಕೆ ತಕ್ಕ ಮಿತವ್ಯಯ ಬೇಕು.

ಬೇರೆ ದಾರಿ ಇದೆಯೇ?

ಇದೆ. ಖರ್ಚಿನ ಬದಲು ಫಲವನ್ನು ನೋಡಿ ಹಣ ಕೊಡುವ ಪ್ರಯೋಗಗಳು ನಮ್ಮ ದೇಶದಲ್ಲಿಯೇ ನಡೆದಿವೆ.

2019ರ ಡಿಸೆಂಬರ್‌ನಲ್ಲಿ ಪ್ರಾರಂಭವಾದ ಅಟಲ್ ಭೂಜಲ ಯೋಜನೆಯನ್ನು ನೋಡಿ. ವಿಶ್ವಬ್ಯಾಂಕಿನ ನೆರವೂ ಸೇರಿ 6,000 ಕೋಟಿ ರೂಪಾಯಿಗಳ ಈ ಯೋಜನೆಯಲ್ಲಿದ್ದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಗೊತ್ತುಪಡಿಸಿದ ಫಲಿತಾಂಶಗಳನ್ನು ಸಾಧಿಸಿದಾಗ ಪ್ರೋತ್ಸಾಹಧನ ಬಿಡುಗಡೆ ಮಾಡುವುದು ಇದರ ಕ್ರಮ. ಅಂತರ್ಜಲದ ಮಾಹಿತಿಯನ್ನು ಎಲ್ಲರಿಗೂ ತೆರೆದಿಡುವುದು, ಊರವರೇ ನೀರಿನ ಭದ್ರತೆಯ ಯೋಜನೆ ಮಾಡುವುದು, ಅಂತರ್ಜಲ ಕುಸಿತದ ವೇಗ ತಗ್ಗುವುದು - ಇವು ಆ ಫಲಿತಾಂಶಗಳಲ್ಲಿ ಸೇರಿದ್ದವು. ಇಲ್ಲಿ ಲೆಕ್ಕದ ಘಟಕ ಗ್ರಾಮ ಪಂಚಾಯಿತಿ, ಒಬ್ಬನ ಸಾಲವಲ್ಲ.

ಮಹಾರಾಷ್ಟ್ರದ ಅಹಿಲ್ಯಾನಗರ ಜಿಲ್ಲೆಯ ಹಿವರೆ ಬಜಾರ್ ಗ್ರಾಮದಲ್ಲಿ ಪ್ರತಿವರ್ಷ ಬಿದ್ದ ಮಳೆಯನ್ನು ಅಳೆದು ನೀರಿನ ಮುಂಗಡಪತ್ರ ಮಾಡುತ್ತಾರೆ. ಯಾವ ಬೆಳೆ ಎಷ್ಟು ಎಂಬುದನ್ನು ಆಮೇಲೆ ನಿರ್ಧರಿಸುತ್ತಾರೆ. ನೀರಾವರಿಗೆ ಕೊಳವೆ ಬಾವಿ ಕೊರೆಸುವಂತಿಲ್ಲ ಎಂಬ ಕಟ್ಟುಪಾಡನ್ನು ಊರವರೇ ಹಾಕಿಕೊಂಡಿದ್ದಾರೆ. ಬಸಾಲ್ಟ್ ಶಿಲೆ, ಕಡಿಮೆ ಮಳೆ - ಆ ನೆಲವೂ ವಿಜಯಪುರದ ನೆಲಕ್ಕೆ ಹತ್ತಿರದ ಬಂಧು.

ಸೌರ ಪಂಪುಗಳ ವಿಷಯದಲ್ಲೂ ಪಾಠವಿದೆ. ಬರೀ ಸೌರ ಪಂಪು ಕೊಟ್ಟರೆ ಹಗಲಿಡೀ ಖರ್ಚಿಲ್ಲದೆ ನೀರೆತ್ತಬಹುದು. ವಾತಾವರಣಕ್ಕೆ ಒಳ್ಳೆಯದಾದದ್ದು ಅಂತರ್ಜಲಕ್ಕೆ ಕೆಟ್ಟದಾಗುತ್ತದೆ. ಕರ್ನಾಟಕ ಸರ್ಕಾರ 2014ರಲ್ಲಿ ರೂಪಿಸಿದ 'ಸೂರ್ಯ ರೈತ' ಯೋಜನೆ, ಗುಜರಾತಿನ ಢುಂಡಿ ಗ್ರಾಮದಲ್ಲಿ 2016ರಲ್ಲಿ ಪ್ರಾರಂಭವಾದ ಸೌರ ಪಂಪು ಸಹಕಾರ ಸಂಘ - ಇವುಗಳಲ್ಲಿ ರೈತ ಮಿಕ್ಕ ವಿದ್ಯುತ್ತನ್ನು ಮಾರುವ ಅವಕಾಶ ಇಟ್ಟರು. ಆಗ ಎತ್ತದೆ ಬಿಟ್ಟ ನೀರಿಗೂ ಒಂದು ಬೆಲೆ ಬರುತ್ತದೆ.

ಅಳತೆಗೋಲು ತಪ್ಪಿದ್ದರೆ ತಿದ್ದಿಕೊಳ್ಳಬಹುದು ಎಂಬುದಕ್ಕೂ ಉದಾಹರಣೆ ಇದೆ. ಕೇಂದ್ರ ಪರಿಸರ ಸಚಿವಾಲಯದ 'ಹಸಿರು ಕ್ರೆಡಿಟ್' ಕಾರ್ಯಕ್ರಮದಲ್ಲಿ, 2024ರ ಫೆಬ್ರವರಿಯ ವಿಧಾನದಂತೆ, ಗಿಡ ನೆಟ್ಟ ಎರಡು ವರ್ಷಗಳ ಅನಂತರ ಗಿಡಕ್ಕೊಂದು ಕ್ರೆಡಿಟ್ ಲೆಕ್ಕ ಹಾಕುತ್ತಿದ್ದರು. 2025ರ ಆಗಸ್ಟ್‌ನಲ್ಲಿ ಇದನ್ನು ಬದಲಿಸಿ, ಕನಿಷ್ಠ ಐದು ವರ್ಷ ಕಳೆದು, ಶೇ. 40ರಷ್ಟು ನೆಲಕ್ಕೆ ಮರಗಳ ನೆರಳು ಬಂದಿರಬೇಕು ಎಂದರು. ನೆಟ್ಟ ಗಿಡದಿಂದ ಬದುಕಿದ ಮರಕ್ಕೆ ಲೆಕ್ಕ ಸರಿಯಿತು. ನೀರಿನ ಸಾಲಕ್ಕೂ ಇಂಥದೇ ತಿದ್ದುಪಡಿ ಬೇಕು.

ತಿದ್ದುಪಡಿ ಕಷ್ಟದ್ದೇನಲ್ಲ. ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ, 2022-23ರಿಂದ ದೇಶದ ಮೊದಲ 1,000 ದೊಡ್ಡ ಕಂಪೆನಿಗಳಿಂದ ವಾರ್ಷಿಕ ಸುಸ್ಥಿರತೆಯ ವರದಿ ಕೇಳುತ್ತಿದೆ. ಅದರಲ್ಲಿ 'ಎತ್ತಿದ ನೀರು' ಮತ್ತು 'ಬಳಸಿ ಮುಗಿಸಿದ ನೀರು' ಎಂದು ಎರಡು ಪ್ರತ್ಯೇಕ ಅಂಕಣಗಳಿವೆ. ನಮ್ಮ 800 ಮತ್ತು 600ರ ವ್ಯತ್ಯಾಸ ಇದೇ. ನೀರಾವರಿಯ ಹಸಿರು ಸಾಲದ ಅರ್ಜಿಗೂ ಮೂರು ಅಂಕಣ ಸೇರಿಸಿದರೆ ಸಾಕು: ಸಾಲಕ್ಕೆ ಮೊದಲು ಮತ್ತು ಅನಂತರ ಒಟ್ಟು ನೀರಾವರಿ ಎಕರೆ ಎಷ್ಟು? ಮುಂಗಾರಿಗೆ ಮೊದಲು ಮತ್ತು ಅನಂತರ ಹತ್ತಿರದ ವೀಕ್ಷಣಾ ಬಾವಿಯ ನೀರಿನ ಮಟ್ಟ ಎಷ್ಟು? ಊರಿನ ಒಟ್ಟು ಬಳಕೆ ಊರಿನ ಮರುಪೂರಣದ ಒಳಗಿದೆಯೇ? ಉತ್ತರ ತೃಪ್ತಿಕರವಾದ ಊರಿಗೆ ಬಡ್ಡಿಯಲ್ಲಿ ರಿಯಾಯಿತಿ ಕೊಡಲಿ. ಬರದ ವರ್ಷ ಕಂತು ಮುಂದೂಡುವ ಕರಾರೂ ಅದರೊಂದಿಗೆ ಇರಲಿ. ಹಣಕಾಸು ಸಚಿವಾಲಯ 2025ರ ಮೇ ತಿಂಗಳಲ್ಲಿ ಹವಾಮಾನ ಹಣಕಾಸಿನ ವರ್ಗೀಕರಣದ ಕರಡನ್ನು ಸಾರ್ವಜನಿಕರ ಅಭಿಪ್ರಾಯಕ್ಕೆ ಇಟ್ಟಿತ್ತು. ಇಂಥ ವರ್ಗೀಕರಣಗಳಲ್ಲಿ ಕೃಷಿಯ ನೀರಿನ ಬಗ್ಗೆ ಬರೆಯುವಾಗ ಬಾವಿಯ ಮಟ್ಟಕ್ಕೂ ಒಂದು ಸಾಲು ಇರಬೇಕು.

ನೀವು ಮಾಡಬಹುದಾದದ್ದು

ಶಿಕ್ಷಕರೇ, ಇದು ನಿಮ್ಮ ಶಾಲೆಯ ವಿಜ್ಞಾನ ಸಂಘಕ್ಕೆ ಒಂದು ವರ್ಷದ ಕೆಲಸವಾಗಬಲ್ಲದು. ಊರಿನ ಐದು ತೆರೆದ ಬಾವಿಗಳನ್ನು ಆರಿಸಿಕೊಳ್ಳಿ. ಗುರುತು ಹಾಕಿದ ಹಗ್ಗ ಮತ್ತು ತೂಕದ ಕಲ್ಲಿನಿಂದ ಪ್ರತಿ ತಿಂಗಳು ಒಂದೇ ತಾರೀಖಿನಂದು ನೀರಿನ ಮಟ್ಟ ಅಳೆಯಿಸಿ. ಬಾವಿಯ ಬಳಿ ದೊಡ್ಡವರು ಕಡ್ಡಾಯವಾಗಿ ಜೊತೆಗಿರಲಿ. ಶಾಲೆಯ ಅಂಗಳದಲ್ಲಿ ಮಳೆಮಾಪಕ ಇಡಿ. ಊರಿನಲ್ಲಿ ಎಷ್ಟು ಎಕರೆ ಪಡ, ಎಷ್ಟು ಕಬ್ಬು, ಎಷ್ಟು ಜೋಳ ಎಂದು ಮಕ್ಕಳೇ ಕೇಳಿ ಬರೆದುಕೊಳ್ಳಲಿ. ವರ್ಷದ ಕೊನೆಗೆ ಮೇಲಿನ ಜಮೆ-ಖರ್ಚಿನ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಮಾಡಿಸಿ, ಗ್ರಾಮಸಭೆಯಲ್ಲಿ ಓದಿಸಿ. ಊರಿನ ಸಹಕಾರ ಸಂಘದ ಕಾರ್ಯದರ್ಶಿಯನ್ನೂ ಬ್ಯಾಂಕಿನ ವ್ಯವಸ್ಥಾಪಕರನ್ನೂ ಅಂದು ಕರೆಯಿರಿ.

ತೊರವಿಯ ಸುರಂಗ ತೋಡಿದವರಿಗೆ 'ಸುಸ್ಥಿರ ಹೂಡಿಕೆ' ಎಂಬ ಮಾತು ಗೊತ್ತಿರಲಿಲ್ಲ. ಆದರೆ ನೆಲ ಕೊಡುವಷ್ಟೇ ನೀರು ಅವರ ಸುರಂಗದಲ್ಲಿ ಹರಿಯುತ್ತಿತ್ತು. ಕೊಳವೆ ಬಾವಿಯಲ್ಲಿ ಆ ಮಿತಿ ತಾನಾಗಿ ಬರುವುದಿಲ್ಲ. ಅದನ್ನು ನಾವೇ ಅಳೆದು, ಬರೆದು, ಒಪ್ಪಿಕೊಳ್ಳಬೇಕು. ಹಸಿರು ಎಂಬ ಮುದ್ರೆ ಒತ್ತುವ ಮೊದಲು ಬ್ಯಾಂಕಿನವರು ಒಮ್ಮೆ ಬಾವಿಯೊಳಗೆ ಹಗ್ಗ ಇಳಿಸಿ ನೋಡಲಿ.